ಇವತ್ತು ಎಷ್ಟನೇ ದಿನ

ಮಾರ್ಚ್ ೬

ಪ್ರೀತಿಯ ಅತ್ತೆಗೆ,

ಹೋದ ಭಾನುವಾರ ಫೋನಿನಲ್ಲಿ "ಹೊಸ ಕೆಲಸ ಸಿಕ್ಕಿದೆ" ಎಂದು ನಾಲ್ಕು ಸಲ ಕೂಗಿದೆ. ನಿಮಗೆ "ಮೊಸಳೆ ಸಿಕ್ಕಿದೆ" ಎಂದು ಕೇಳಿಸಿತು. "ಎಲ್ಲಿ, ಆಸ್ಪತ್ರೆ ಒಳಗಾ?" ಎಂದು ನೀವು ಕೇಳಿದಿರಿ. ನಾನು ನಕ್ಕು ಫೋನ್ ಇಟ್ಟೆ. ನಿಮ್ಮ ಕಿವಿಗೆ ವಯಸ್ಸಾಯಿತು, ನನ್ನ ಗಂಟಲಿಗೂ ಒಂದು ಮಿತಿ ಇದೆ. ಇನ್ನು ಮುಂದೆ ಬರೆದೇ ಹೇಳುತ್ತೇನೆ.

ಇಷ್ಟು ದಿನ ಕೆಳಗಿನ ಔಷಧಿ ವಿಭಾಗದಲ್ಲಿ ಕಿಟಕಿಯ ಹಿಂದೆ ನಿಂತು ಚೀಟಿ ನೋಡಿ ಮದ್ದು ಕೊಡುತ್ತಿದ್ದೆನಲ್ಲ, ಈಗ ಮೂರನೇ ಮಹಡಿಯ ಐಸಿಯುಗೆ ಹಾಕಿದ್ದಾರೆ. ಹನ್ನೆರಡು ಹಾಸಿಗೆ. ನಾನು ಹೋದ ದಿನ ಹತ್ತು ಹಾಸಿಗೆಯಲ್ಲಿ ಒಂದೇ ಮದ್ದು ತೊಟ್ಟಿಕ್ಕುತ್ತಿತ್ತು. ನರ್ಸುಗಳು ಅದರ ಹೆಸರು ಹೇಳುವುದೇ ಇಲ್ಲ, "ದೊಡ್ಡದು" ಎನ್ನುತ್ತಾರೆ. "ನಾಲ್ಕನೇ ಬೆಡ್ಡಿಗೆ ದೊಡ್ಡದು ಹಾಕಿದ್ದಾಯ್ತು" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನೆಂಟರೋ ಕಳ್ಳರೋ ನೋಡದೆ ಮೈಯೊಳಗಿನ ಹೆಚ್ಚುಕಡಿಮೆ ಎಲ್ಲ ಸೂಕ್ಷ್ಮಜೀವಿಗಳನ್ನೂ ಗುಡಿಸಿ ಹಾಕುವ ಆ್ಯಂಟಿಬಯೋಟಿಕ್ ಅದು. ಯಾವ ಜೀವಿ ಕಾಯಿಲೆ ತಂದಿದೆ ಎಂದು ಗೊತ್ತಾಗುವ ತನಕ ಅದು ಬೇಕು, ನಾನೂ ಒಪ್ಪುತ್ತೇನೆ. ಗೊತ್ತಾದ ಮೇಲೂ ಅದನ್ನೇ ಹತ್ತು ಹನ್ನೆರಡು ದಿನ ಎಳೆಯುತ್ತಾರೆ. ಗುಡಿಸಿದಾಗ ಉಳಿದುಕೊಂಡ ಜೀವಿಗಳು ಮೊಂಡು ಬೀಳುತ್ತವೆ, ಆಮೇಲೆ ಯಾವ ಮದ್ದಿಗೂ ಬಗ್ಗುವುದಿಲ್ಲ. ಹೋದ ಚಳಿಗಾಲದಲ್ಲಿ ಇಬ್ಬರ ಲ್ಯಾಬ್ ರಿಪೋರ್ಟ್ ಬಂದಾಗ ಪಟ್ಟಿಯಲ್ಲಿದ್ದ ಹದಿನಾಲ್ಕು ಮದ್ದುಗಳ ಮುಂದೆಯೂ "ಬಗ್ಗದು" ಎಂದೇ ಇತ್ತು. ಕೊಡುವುದಕ್ಕೆ ಏನೂ ಇರಲಿಲ್ಲ. ಇಬ್ಬರೂ ಉಳಿಯಲಿಲ್ಲ.

ಅದಕ್ಕೇ ಈ ಕೆಲಸ ಹುಟ್ಟಿದ್ದು. ದಿನಾ ಬೆಳಗ್ಗೆ ಹತ್ತು ಗಂಟೆಗೆ ಡಾಕ್ಟರ ಸುತ್ತಿನಲ್ಲಿ ಪ್ರತಿ ಹಾಸಿಗೆಯ ಬಳಿ ನಿಂತು ನಾನು ಕೇಳಬೇಕು: ಯಾವ ಜೀವಿ, ರಿಪೋರ್ಟ್ ಬಂತಾ, ಇವತ್ತು ಎಷ್ಟನೇ ದಿನ. ಸಾಧ್ಯವಿದ್ದರೆ ದೊಡ್ಡದನ್ನು ನಿಲ್ಲಿಸಿ ಅದೇ ಜೀವಿಗೆ ಬೇಕಾದ ಚಿಕ್ಕ ಮದ್ದಿಗೆ ಇಳಿಸಬೇಕು.

ಮೊದಲ ದಿನ ಮೂರನೇ ಹಾಸಿಗೆಯಲ್ಲೇ ಕೇಳಿದೆ. ನಮ್ಮ ಹಿರಿಯ ಡಾಕ್ಟರು ಕನ್ನಡಕ ಕೆಳಗಿಳಿಸಿ, "ನೀವು ಮದ್ದು ಕೊಡೋರಾ, ಕಿತ್ಕೊಳ್ಳೋರಾ?" ಎಂದರು. ಸುತ್ತ ಎಂಟು ಜನ. ಮಿಕ್ಕ ಒಂಬತ್ತು ಹಾಸಿಗೆಗಳಲ್ಲಿ ನಾನು ಬಾಯಿ ಬಿಡಲಿಲ್ಲ.

ಮೂವತ್ತನಾಲ್ಕು ವರ್ಷ ವಾರ್ಡುಗಳಲ್ಲಿ ನರ್ಸಾಗಿದ್ದವರು ನೀವು. ಡಾಕ್ಟರ ಹತ್ತಿರ ಹೇಗೆ ಮಾತಾಡುತ್ತಿದ್ದಿರಿ, ಹೇಳಿ.

ನಿಮ್ಮ
ಚೂಟಿ

ಮಾರ್ಚ್ ೧೫

ಚೂಟಿ,

ಮೊಸಳೆ ನನಗೆ ಸರಿಯಾಗಿಯೇ ಕೇಳಿಸಿತ್ತು ಎಂದು ನಿನ್ನ ಪತ್ರ ಓದಿದ ಮೇಲೆ ಖಾತ್ರಿಯಾಯಿತು. ಕನ್ನಡಕ ಹಾಕಿಕೊಂಡಿದೆ ಅಷ್ಟೇ.

ಮೊದಲನೆಯದಾಗಿ, ಎಂಟು ಜನರ ಮುಂದೆ ಯಾವ ಡಾಕ್ಟರನ್ನೂ ಪ್ರಶ್ನೆ ಕೇಳಬೇಡ. ಒಳ್ಳೆಯವರೂ ಆ ಹೊತ್ತಿನಲ್ಲಿ ಕೆಟ್ಟವರಾಗುತ್ತಾರೆ. ಅವರು ಕೈ ತೊಳೆಯುವ ಸಿಂಕಿನ ಹತ್ತಿರ ಹೋಗಿ ನಿಲ್ಲು. ಸೋಪು ಹಚ್ಚಿಕೊಂಡ ಡಾಕ್ಟರು ಎಲ್ಲೂ ಓಡಿಹೋಗುವ ಹಾಗಿಲ್ಲ. ನಾನು ನನ್ನ ಅರ್ಧ ಕೆಲಸ ಸಿಂಕಿನ ಮುಂದೆಯೇ ಮಾಡಿಸಿಕೊಂಡಿದ್ದೇನೆ.

ಆಮೇಲೆ, ಸುತ್ತು ಶುರುವಾಗುವ ಮೊದಲು ನರ್ಸುಗಳ ಜೊತೆ ಕೂತುಕೋ. ರೋಗಿ ನಿನ್ನೆ ಸಂಜೆ ಎಷ್ಟು ಗುಟುಕು ನೀರು ಕುಡಿದ, ಯಾರನ್ನು ನೋಡಿ ನಕ್ಕ, ಇವೆಲ್ಲ ಫೈಲಿನಲ್ಲಿ ಇರುವುದಿಲ್ಲ, ಅವರ ತಲೆಯಲ್ಲಿರುತ್ತವೆ. ಮತ್ತು ಹನ್ನೆರಡು ಹಾಸಿಗೆಗೂ ಒಮ್ಮೆಲೇ ಕೈ ಹಾಕಬೇಡ. ಒಂದು ಆರಿಸಿಕೋ, ಅವರೂ ಇಲ್ಲ ಎನ್ನಲಾಗದಂಥದ್ದು.

ನನ್ನ ವಿಷಯ ಏನೂ ಚಿಂತೆ ಇಲ್ಲ. ಕೆಳಗಿನ ಸೈಕಲ್ ಅಂಗಡಿಯವರು ನನಗೆ ಕೇಳಿಸುವುದಿಲ್ಲವೆಂದು ಧೈರ್ಯವಾಗಿ ಜಗಳವಾಡುತ್ತಾರೆ. ತುಟಿ ನೋಡಿದರೆ ನನಗೆ ಎಲ್ಲ ತಿಳಿಯುತ್ತದೆ ಎಂದು ಅವರಿಗೆ ಹೇಳಿಲ್ಲ. ಹವೆ ಬದಲಾಗಿದೆ, ಬೀದಿಗೆಲ್ಲ ನೆಗಡಿ. ದಿನಕ್ಕೆ ನಾಲ್ಕು ಜನ ಮೆಟ್ಟಿಲು ಹತ್ತಿ ಬರುತ್ತಾರೆ, ನನ್ನ ಬಿಸ್ಕತ್ತಿನ ಡಬ್ಬಿ ಮುಚ್ಚುವುದಕ್ಕೇ ಬಿಡುವಿಲ್ಲ. ನಿವೃತ್ತಿಯಾದ ಮೇಲೂ ಹೀಗೆ ಬೇಕಾದವಳಾಗಿರುವುದು ಒಂದು ಸುಖವೇ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ಅತ್ತೆ

ಏಪ್ರಿಲ್ ೨

ಪ್ರೀತಿಯ ಅತ್ತೆಗೆ,

ಸಿಂಕು ಕೆಲಸ ಮಾಡಿತು.

ಏಳನೇ ಹಾಸಿಗೆಯಲ್ಲಿ ಒಬ್ಬ ಟೈಲರ್ ಇದ್ದಾರೆ. ಐವತ್ತೆರಡು ವರ್ಷ. ನ್ಯುಮೋನಿಯಾ ಆಗಿ, ಉಸಿರಾಟದ ಯಂತ್ರದ ಮೇಲಿದ್ದರು. ಬಂದಾಗ ದೊಡ್ಡದು ಹಾಕಿದ್ದರು, ಹಾಕಲೇಬೇಕಿತ್ತು. ನಾಲ್ಕನೇ ದಿನ ಕಫದ ರಿಪೋರ್ಟ್ ಬಂತು: ತುಂಬಾ ಸಾದಾ ಜೀವಿ, ಐವತ್ತು ವರ್ಷ ಹಳೆಯ ಚಿಕ್ಕ ಮದ್ದಿಗೂ ಬಗ್ಗುವಂಥದ್ದು. ಆ ಹಾಸಿಗೆ ನೋಡಿಕೊಳ್ಳುವ ಹಿರಿಯ ಸಿಸ್ಟರ್ ನನಗೆ ಹೇಳಿದರು, "ಬೆಳಗ್ಗೆ ನನ್ನ ಯೂನಿಫಾರ್ಮ್ ತೋಳನ್ನ ಹಿಡಿದು ಹೊಲಿಗೆ ನೋಡ್ತಿದ್ರು. ಚೆನ್ನಾಗಿಲ್ಲ ಅಂತ ತಲೆ ಆಡಿಸಿದ್ರು." ಮನುಷ್ಯ ತನ್ನ ಕಸುಬಿಗೆ ಮರಳಿದ್ದಾನೆ ಎಂದರೆ ಗುಣವಾಗುತ್ತಿದ್ದಾನೆ ಎಂದೇ ಲೆಕ್ಕ.

ಹಿರಿಯ ಡಾಕ್ಟರು ಮೊಣಕೈ ತನಕ ಸೋಪು ಹಚ್ಚಿಕೊಂಡಾಗ ಪಕ್ಕಕ್ಕೆ ಹೋಗಿ ನಿಂತೆ.

"ಮದ್ದು ಹಿಡಿದಿದೆ. ಹಿಡಿದಿರೋ ಮದ್ದನ್ನ ಯಾಕೆ ಬಿಡಿಸ್ಬೇಕು?" ಎಂದರು.

"ಚಿಕ್ಕದಕ್ಕೂ ಬಗ್ಗುತ್ತೆ ಸರ್. ರಿಪೋರ್ಟ್ ಇಲ್ಲಿದೆ."

"ಏನಾದ್ರೂ ಆದ್ರೆ?"

"ದಿನಾ ಮೂರು ಸಲ ಬಂದು ನೋಡ್ತೀನಿ. ನಾನೆಲ್ಲೂ ಹೋಗಲ್ಲ."

ಅವರು ನೀರು ನಿಲ್ಲಿಸಿ, ಕೈ ಒರೆಸಿ, ರಿಪೋರ್ಟನ್ನು ಎರಡು ಸಲ ಓದಿ ಸಹಿ ಹಾಕಿದರು. ಪೆನ್ನು ವಾಪಸ್ ಕೊಡುವಾಗ ನನ್ನ ಮುಖ ನೋಡಲಿಲ್ಲ. ಸೊಕ್ಕಿನ ಮನುಷ್ಯ ಅತ್ತೆ, ಇರಲಿ, ಸಹಿ ಆಯಿತಲ್ಲ.

ನೆಗಡಿಯಾದವರೆಲ್ಲ ನಿಮ್ಮ ಮನೆಗೆ ಬಂದು ಬಿಸ್ಕತ್ತು ತಿಂದು ಹೋಗುತ್ತಾರೆ ಎಂದು ಓದಿ ಹೊಟ್ಟೆ ತುಂಬಿತು. ನಾಲ್ಕು ಮಾತು, ಒಂದು ಬಿಸ್ಕತ್ತು. ನೆಗಡಿಗೆ ಅದಕ್ಕಿಂತ ಒಳ್ಳೆಯ ಮದ್ದು ಇಲ್ಲ. ಇಲ್ಲಿ ಜನ ನೆಗಡಿಗೂ ಆ್ಯಂಟಿಬಯೋಟಿಕ್ ನುಂಗುತ್ತಾರೆ, ಎರಡು ಮಾತ್ರೆ ನುಂಗಿ ಮಿಕ್ಕದ್ದನ್ನು ಎತ್ತಿಡುತ್ತಾರೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊಂಡು ಜೀವಿಗಳು ಹುಟ್ಟುವುದೇ ಅಂಥ ಮನೆಗಳಲ್ಲಿ.

ಚೂಟಿ

ಏಪ್ರಿಲ್ ೧೦

ಚೂಟಿ,

ಪತ್ರ ಬಂತು. ಟೈಲರ್ ಬೇಗ ಮನೆಗೆ ಹೋಗಲಿ.

ಒಂದು ಮಾತು ಕೇಳಬೇಕಿತ್ತು. ನನಗಲ್ಲ, ಪರಿಚಯದವರೊಬ್ಬರು ಕೇಳುತ್ತಿದ್ದರು. ಎರಡೇ ಎರಡು ಮಾತ್ರೆ ತೆಗೆದುಕೊಂಡರೂ ಅಷ್ಟು ಕೆಡುಕೇ? ಎಷ್ಟೋ ವರ್ಷದಿಂದ ಜನ ಹಾಗೆ ಮಾಡಿಕೊಂಡೇ ಬಂದಿದ್ದಾರೆ, ಯಾರಿಗೂ ಏನೂ ಆದದ್ದು ಕಾಣೆ.

ಇವತ್ತು ಹೆಚ್ಚು ಬರೆಯಲಾರೆ. ಮೆಟ್ಟಿಲ ಮೇಲೆ ಯಾರೋ ಬಂದಿದ್ದಾರೆ.

ಅತ್ತೆ

ಏಪ್ರಿಲ್ ೧೯

ಅತ್ತೆಗೆ,

ನಿಮ್ಮ ಕಾಗದ ಓದಿದಾಗ ನಿಮಗೆ ನನ್ನ ಕೆಲಸದ ಬಗ್ಗೆ ನಂಬಿಕೆ ಇಲ್ಲವೇನೋ ಎಂದು ಬೇಜಾರಾಗಿತ್ತು. ಈಗ ಅನಿಸುತ್ತಿದೆ, ನೀವು ಹೇಳಿದ್ದೇ ಸರಿ ಇರಬಹುದು.

ಏಳನೇ ಹಾಸಿಗೆಗೆ ಜ್ವರ ಮರಳಿತು. ಚಿಕ್ಕ ಮದ್ದಿಗೆ ಇಳಿಸಿದ ಮೇಲೆ ಎರಡು ವಾರ ಚೆನ್ನಾಗಿತ್ತು, ಅದರ ಕೋರ್ಸ್ ಮುಗಿದು ನಿಲ್ಲಿಸಿಯೂ ಆಗಿತ್ತು. ಕಾಲಿನಲ್ಲಿ ಶಕ್ತಿ ಇಲ್ಲದೆ, ನುಂಗಲೂ ಬಾರದೆ ಇನ್ನೂ ನಮ್ಮಲ್ಲೇ ಇದ್ದರು. ಮೊನ್ನೆ ಮಧ್ಯಾಹ್ನ ನೂರ ಮೂರು. ಮೈಯೆಲ್ಲ ನಡುಕ. ಹಿರಿಯ ಡಾಕ್ಟರು ರಕ್ತ ತೆಗೆಸಿ ತಕ್ಷಣ ದೊಡ್ಡದನ್ನು ಮತ್ತೆ ಹಾಕಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಟೈಲರ್ ಅವರ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರೆ. ನನ್ನನ್ನು ನೋಡಿ ಎದ್ದು ಬಂದರು.

"ಮೇಡಂ, ಮದ್ದು ಬದಲಾಯಿಸಿದ್ದು ನೀವಂತೆ, ಹೌದಾ?"

"ಹೌದು."

"ಒಳ್ಳೇದಕ್ಕೇ ಮಾಡಿರ್ತೀರ ಬಿಡಿ," ಎಂದರು.

ಆ ಮಾತನ್ನು ಹೊತ್ತುಕೊಂಡು ಮೂರು ಮಹಡಿ ಇಳಿದು ಬಂದೆ. ಮತ್ತೆ ಕೆಳಗಿನ ಕಿಟಕಿಗೇ ಹಾಕಿ ಎಂದು ಅರ್ಜಿ ಬರೆದಿಟ್ಟಿದ್ದೇನೆ. ಇನ್ನೂ ಕೊಟ್ಟಿಲ್ಲ. ಸೋಮವಾರ ಕೊಡುತ್ತೇನೆ. ಅಪ್ಪನಿಗೆ ಹೇಳಬೇಡಿ.

ಚೂಟಿ

ಏಪ್ರಿಲ್ ೨೪

ಚೂಟಿ ಮರಿ,

ಇವತ್ತು ಕಾಗದ ಕೈ ಸೇರಿದ ಕೂಡಲೇ ಕೂತು ಬರೆಯುತ್ತಿದ್ದೇನೆ. ಸೋಮವಾರ ಕಳೆದುಹೋಗಿದೆ, ಅರ್ಜಿ ಕೊಟ್ಟಿದ್ದರೆ ವಾಪಸ್ ಕೇಳು. ಕೊಡದಿದ್ದರೆ ಹರಿ.

ಮೊದಲು ಕೆಲಸದ ಮಾತು. ನಾನು ಅಲ್ಲಿಲ್ಲ, ಡಾಕ್ಟರೂ ಅಲ್ಲ. ಆದರೂ ಕೇಳುತ್ತೇನೆ: ಅವರ ಕತ್ತಿನಲ್ಲಿ ಹನಿ ಹಾಕುವ ನಳಿಕೆ ಇದೆಯೇ? ಇದ್ದರೆ ಹಾಕಿ ಎಷ್ಟು ದಿನವಾಯಿತು? ಚೆನ್ನಾಗಿದ್ದ ರೋಗಿಗೆ ಇದ್ದಕ್ಕಿದ್ದಂತೆ ನಡುಕದ ಜ್ವರ ಬಂದರೆ ನಾವು ಮೊದಲು ಅಲ್ಲಿ ನೋಡುತ್ತಿದ್ದೆವು. ನಿಮ್ಮ ಸಿಸ್ಟರನ್ನು ಕೇಳು.

ಈಗ ಇನ್ನೊಂದು. ಇದನ್ನು ನಿನ್ನಪ್ಪನಿಗೂ ಹೇಳಿಲ್ಲ, ಅವನು ನನ್ನ ತಮ್ಮನಾದರೂ.

ನನ್ನ ಕಿವಿಗೆ ವಯಸ್ಸಾಗಿದ್ದಲ್ಲ. ಇಪ್ಪತ್ತನಾಲ್ಕರಲ್ಲೇ ಹೋಗಲು ಶುರುವಾಗಿತ್ತು. ಕೆಲಸಕ್ಕೆ ಸೇರಿ ಎರಡು ವರ್ಷಕ್ಕೆ ವಾರ್ಡಿನಿಂದ ನನಗೆ ಕ್ಷಯ ಅಂಟಿತು. ಮನೆಗೆ "ಟ್ರೇನಿಂಗ್‌ಗೆ ಹೋಗುತ್ತಿದ್ದೇನೆ" ಎಂದು ಬರೆದು ಮೂರು ತಿಂಗಳು ನಮ್ಮದೇ ಆಸ್ಪತ್ರೆಯಲ್ಲಿ ಮಲಗಿದೆ. ಆಗ ನನ್ನ ಮದುವೆಯ ಮಾತು ನಡೆಯುತ್ತಿತ್ತು, ಕ್ಷಯ ಎಂದರೆ ಅಷ್ಟೇ ಕತೆ. ಮದುವೆ ಬೇರೆ ಕಾರಣಕ್ಕೆ ಮುರಿಯಿತು, ಅದರ ಬಗ್ಗೆ ನನಗೆ ಇವತ್ತಿಗೂ ಸಂತೋಷವೇ.

ದಿನಾ ಒಂದು ಸೂಜಿ. ಅದೂ ಆ್ಯಂಟಿಬಯೋಟಿಕ್ಕೇ. ನಾನು ಉಳಿದದ್ದು ಅದರಿಂದ, ಅದನ್ನು ಮರೆಯಲಾರೆ. ಆದರೆ ಆ ಮದ್ದಿಗೆ ಕಿವಿ ತಿನ್ನುವ ಚಟ ಇತ್ತು. ನಮ್ಮ ಡಾಕ್ಟರು ಒಬ್ಬ ಕುಳ್ಳ ಮುದುಕ, ದಿನಾ ಬೆಳಗ್ಗೆ ನನ್ನ ಹಾಸಿಗೆಯ ಕಾಲ ಬಳಿ ನಿಂತು, "ಇವತ್ತಿಗೆ ಎಷ್ಟಾಯ್ತು?" ಎಂದು ಕೇಳುತ್ತಿದ್ದರು. ನನಗೆ ರೇಗುತ್ತಿತ್ತು. ಫೈಲಿನಲ್ಲೇ ಬರೆದಿದೆಯಲ್ಲ, ನೋಡಿಕೊಳ್ಳಬಾರದೇ ಎಂದು. ನಲವತ್ತೊಂದನೇ ಸೂಜಿಯ ದಿನ "ನಲವತ್ತೊಂದು" ಎಂದವಳು ಸುಮ್ಮನೆ ಸೇರಿಸಿದೆ, "ಡಾಕ್ಟ್ರೇ, ಕಿವಿಯಲ್ಲಿ ಜೀರುಂಡೆ ಕೂಗ್ತಿದೆ." ಅವರು ಅವತ್ತೇ ಸೂಜಿ ನಿಲ್ಲಿಸಿ ಬೇರೆ ಮಾತ್ರೆ ಬರೆದರು. ನನ್ನ ಪಕ್ಕದ ಹಾಸಿಗೆಯವಳು ಇನ್ನೊಬ್ಬ ಡಾಕ್ಟರ ಕೈಯಲ್ಲಿದ್ದಳು. ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತೊಂಬತ್ತು ಸೂಜಿ ಪೂರ್ತಿ ಆಯಿತು. ಅವಳಿಗೆ ಆಮೇಲೆ ಏನೂ ಕೇಳಿಸಲಿಲ್ಲ. ನನಗೆ ಆಮೇಲೂ ಮೂವತ್ತೆರಡು ವರ್ಷ ವಾರ್ಡಿನ ಗಂಟೆ, ನಿನ್ನ ತೊದಲು, ಎಲ್ಲ ಕೇಳಿಸಿದೆ.

ಮೊದಲ ಪತ್ರದಲ್ಲಿ ನೀನು "ಇವತ್ತು ಎಷ್ಟನೇ ದಿನ" ಎಂಬ ಪ್ರಶ್ನೆ ಬರೆದಾಗ ನಾನು ಅದನ್ನು ಎರಡು ಸಲ ಓದಿದೆ. ಹೇಳಲು ಬಾಯಿ ಬರಲಿಲ್ಲ. ಈಗ ಹೇಳುತ್ತಿದ್ದೇನೆ. ನಿನ್ನದು ಕಿತ್ತುಕೊಳ್ಳುವ ಕೆಲಸವಲ್ಲ. ಕಿಟಕಿಯ ಹಿಂದೆ ಹೋಗಬೇಡ.

ಅತ್ತೆ

ಏಪ್ರಿಲ್ ೨೮

ಪ್ರೀತಿಯ ಅತ್ತೆಗೆ,

ನಿಮ್ಮ ಪತ್ರ ಇವತ್ತು ಮಧ್ಯಾಹ್ನ ಬಂತು. ಊಟದ ಡಬ್ಬಿ ಮುಚ್ಚಿಟ್ಟು ಓದಿದೆ, ಆಮೇಲೆ ಮುಖ ತೊಳೆದುಕೊಂಡು ಬಂದೆ. ಅದರ ಬಗ್ಗೆ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಟೈಲರ್ ವಿಷಯ. ನೀವು ಕಾಯುತ್ತಿರುತ್ತೀರಿ.

ಅದು ನಳಿಕೆಯೇ.

ನೀವು ಬರೆಯುವ ಮೊದಲೇ, ಇಪ್ಪತ್ತನೇ ತಾರೀಖು, ಹಿರಿಯ ಸಿಸ್ಟರ್ ಸುತ್ತಿನಲ್ಲಿ ಎಲ್ಲರ ಮುಂದೆ ಹೇಳಿದರು, "ಸರ್, ಕತ್ತಿನ ನಳಿಕೆ ಬಂದ ದಿನ ಹಾಕಿದ್ದು. ಮೂರು ವಾರ ಆಗ್ತಾ ಬಂತು. ಚರ್ಮ ಕೆಂಪಗಾಗಿದೆ." ಅವತ್ತೇ ಕಿತ್ತರು. ಮಾರನೇ ದಿನ ಜ್ವರ ಇಳಿಯಿತು. ನಳಿಕೆಯ ತುದಿಯಲ್ಲಿ ಬೆಳೆದ ಜೀವಿ ರಕ್ತದಲ್ಲೂ ಇತ್ತು, ಚರ್ಮದ ಮೇಲೆ ಇರುವ ಜಾತಿಯದು. ಇಷ್ಟು ಕೇಳಿ: ದೊಡ್ಡದು ಗುಡಿಸಲಾರದ ಕೆಲವೇ ಜೀವಿಗಳಲ್ಲಿ ಇದೂ ಒಂದು. ಮೊದಲಿಂದ ದೊಡ್ಡದನ್ನೇ ಮುಂದುವರಿಸಿದ್ದರೂ ಜ್ವರ ಬರುತ್ತಲೇ ಇತ್ತು. ಶ್ವಾಸಕೋಶದ ಕಾಯಿಲೆ ಚಿಕ್ಕ ಮದ್ದಿಗೇ ಪೂರ್ತಿ ವಾಸಿಯಾಗಿದೆ. ಈಗ ಚರ್ಮದ ಜೀವಿಗೆ ತಕ್ಕ ಬೇರೆ ಮದ್ದು, ಏಳು ದಿನ. ದೊಡ್ಡದನ್ನು ಹಿರಿಯ ಡಾಕ್ಟರೇ ನಿಲ್ಲಿಸಿದರು, ನಾನು ಕೇಳುವ ಮೊದಲು.

ಆ ದಿನ ಸಿಂಕಿನ ಬಳಿ ಅವರೇ ನನ್ನನ್ನು ಕರೆದರು. "ನಿಮಗೆ ನಾನು ಹಟಮಾರಿ ಅನ್ಸಿರ್ಬೇಕು," ಎಂದರು. ನಲ್ಲಿಯ ಕಡೆ ನೋಡುತ್ತ ಹೇಳಿದರು: ಹದಿನೈದು ವರ್ಷದ ಹಿಂದೆ ಒಬ್ಬ ಲೈಬ್ರರಿಯವರಿಗೆ ಜ್ವರ ಬಂದಿತ್ತಂತೆ. ರಿಪೋರ್ಟ್ ಬರಲಿ ಎಂದು ಒಂದು ದಿನ ಕಾದರಂತೆ. ರಿಪೋರ್ಟ್ ಬರುವ ಹೊತ್ತಿಗೆ ಅವರು ಇರಲಿಲ್ಲ. "ಅವತ್ತಿಂದ ನಾನು ಯಾರ ವಿಷಯದಲ್ಲೂ ಕಾಯೋದಿಲ್ಲ. ನಿಲ್ಲಿಸೋಕೆ ಕೈ ಬರಲ್ಲ."

"ಶುರು ಮಾಡೋಕೆ ಕಾಯ್ಬೇಡಿ ಸರ್," ಎಂದೆ. "ಅದನ್ನ ನಾನೂ ಕೇಳ್ತಿಲ್ಲ. ಗೊತ್ತಾದ್ಮೇಲೆ ನಿಲ್ಸೋದಕ್ಕೆ ಮಾತ್ರ ಜೊತೆಗಿರ್ತೀನಿ."

ಅವರು ಕೈ ಒರೆಸಿಕೊಂಡು, "ಸರಿ, ಹಂಗೇ ಮಾಡೋಣ," ಎಂದರು. ನಾನು ಸೊಕ್ಕು ಎಂದುಕೊಂಡಿದ್ದೆನಲ್ಲ, ಅದು ಭಯ ಅತ್ತೆ.

ಅರ್ಜಿಯನ್ನು ನಾನು ಕೊಟ್ಟೇ ಇರಲಿಲ್ಲ. ಸೋಮವಾರ ಬೆಳಗ್ಗೆ ಅದನ್ನು ಜೇಬಿನಲ್ಲಿಟ್ಟುಕೊಂಡೇ ಸುತ್ತಿಗೆ ಹೋಗಿದ್ದೆ. ಇವತ್ತು ಹರಿದೆ.

ನಿಮ್ಮ ಕಿವಿಯ ವಿಷಯ. ಇಷ್ಟು ವರ್ಷ ನಾವೆಲ್ಲ ನಿಮಗೆ ಕೇಳಿಸದ್ದನ್ನು ಆಡಿಕೊಂಡು ನಕ್ಕಿದ್ದೇವೆ, ನೀವೂ ನಮ್ಮ ಜೊತೆ ನಕ್ಕಿದ್ದೀರಿ. ಮೊದಲೇ ಹೇಳಿದ್ದರೆ ನಾನು ನಗುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲವೇನೋ ನೀವು.

ಚೂಟಿ

ಮೇ ೯

ಚೂಟಿ,

ಅದಕ್ಕೇ ಹೇಳಲಿಲ್ಲ. ಮನೆಯಲ್ಲಿ ಒಬ್ಬರು ನಗಿಸುವವರು ಬೇಕು, ಆ ಕೆಲಸಕ್ಕೆ ಸಂಬಳ ಇಲ್ಲದಿದ್ದರೂ ನಿವೃತ್ತಿ ಇಲ್ಲ.

ಒಂದು ಗುಟ್ಟು ಹೊರಗೆ ಬಂದ ಮೇಲೆ ಇನ್ನೊಂದನ್ನು ಒಳಗಿಟ್ಟುಕೊಳ್ಳುವುದು ಕಷ್ಟ. ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಬಿಸ್ಕತ್ತು ಇಲ್ಲ.

ಮಾತ್ರೆ ಇದೆ. ಇತ್ತು. ಕೆಲಸ ಬಿಟ್ಟ ದಿನದಿಂದ ಯಾರ ಮನೆಯಲ್ಲಿ ಏನು ಮಿಕ್ಕರೂ ನನಗೆ ತಂದು ಕೊಡುತ್ತಾರೆ, ಯಾರಿಗೆ ಏನು ಬೇಕಾದರೂ ನನ್ನ ಹತ್ತಿರ ಬರುತ್ತಾರೆ. ಗಂಟಲು ನೋವಿಗೆ ಎರಡು, ನೆಗಡಿಗೆ ಮೂರು, ಮಗುವಿಗೆ ಅರ್ಧ. ನೀನು "ಅಂಥವರನ್ನು ಕಂಡರೆ ಮೈ ಉರಿಯುತ್ತದೆ" ಎಂದು ಬರೆದಿದ್ದೆಯಲ್ಲ, ಆ ಸಾಲು ಓದುವಾಗ ಡಬ್ಬಿ ನನ್ನ ಮಡಿಲಲ್ಲೇ ಇತ್ತು. ಸೈಕಲ್ ಅಂಗಡಿಯವರ ಹೆಂಡತಿ ಎದುರಿಗೆ ಕೂತು ಕೈ ಚಾಚಿದ್ದರು. ಕೊಟ್ಟೆ. ಕೊಟ್ಟು, ನಿನಗೆ ಆ ಮೋಟು ಕಾಗದ ಬರೆದೆ. ಆ "ಪರಿಚಯದವರು" ನಾನೇ. ನೀನು ಅದನ್ನು ನಿನ್ನ ಮೇಲಿನ ಅಪನಂಬಿಕೆ ಎಂದುಕೊಂಡೆ, ನಾನು ತಿದ್ದಲಿಲ್ಲ. ಅದು ನನಗೆ ಚುಚ್ಚುತ್ತಲೇ ಇತ್ತು.

ನಾಚಿಕೆ ಇದೆ. ದಿನ ಎಣಿಸುವ ಡಾಕ್ಟರಿಂದ ಉಳಿದವಳು ನಾನು, ಎಣಿಕೆಯೇ ಇಲ್ಲದೆ ಹಂಚುತ್ತಿದ್ದೆ. ಯಾಕೆ ಎಂದರೆ, ಮೆಟ್ಟಿಲು ಹತ್ತಿ ಬಂದವರನ್ನು ಬರಿಗೈಯಲ್ಲಿ ಕಳಿಸಲು ನನಗೆ ಆಗುವುದಿಲ್ಲ. ಕೊಡುವುದಕ್ಕೆ ಏನೂ ಇಲ್ಲವೆಂದಾದರೆ ಯಾರೂ ಬರುವುದಿಲ್ಲವೇನೋ ಎಂಬ ಅಂಜಿಕೆಯೂ ಇತ್ತು.

ನಿನ್ನೆ ಡಬ್ಬಿಯನ್ನು ಇಲ್ಲಿನ ಆಸ್ಪತ್ರೆಯ ಔಷಧಿ ವಿಭಾಗಕ್ಕೆ ಒಯ್ದು ಮೇಜಿನ ಮೇಲೆ ಸುರಿದೆ. ಕಿಟಕಿಯ ಹಿಂದಿದ್ದ ಹುಡುಗಿ ನೋಡುತ್ತಲೇ ನಿಂತಳು. "ಅಜ್ಜಿ, ಇದೆಲ್ಲ ಎಲ್ಲಿಂದ ಬಂತು?" ಎಂದಳು. ಕೇಳಿಸದವಳ ಹಾಗೆ ನಕ್ಕು ಬಂದೆ. ಕಿವಿಗೆ ಅದೊಂದು ಉಪಯೋಗ ಇದೆ.

ಬೈಯುವುದಿದ್ದರೆ ಬೈದು ಬರೆ.

ಅತ್ತೆ

ಜೂನ್ ೩

ಪ್ರೀತಿಯ ಅತ್ತೆಗೆ,

ಬೈಯಬೇಕೆಂದು ಮೂರು ಸಲ ಕೂತೆ. ಮೂರು ಸಲವೂ ನಗು ಬಂದು ಪೆನ್ನು ಕೆಳಗಿಟ್ಟೆ. ನನ್ನ ಬಾಯಲ್ಲೇ "ನೆಗಡಿಗೆ ಬಿಸ್ಕತ್ತಿಗಿಂತ ಒಳ್ಳೆಯ ಮದ್ದು ಇಲ್ಲ" ಎಂದು ಹೇಳಿಸಿದಿರಲ್ಲ. ಹೋಗಲಿ, ಸುರಿದು ಬಂದದ್ದು ನೀವೇ. ಐಸಿಯುನಲ್ಲಿ ಇಷ್ಟು ಜನರನ್ನು ಒಪ್ಪಿಸಲು ನನಗೆ ಮೂರು ತಿಂಗಳು ಬೇಕಾಯಿತು, ನೀವು ನಿಮ್ಮನ್ನು ಒಂದು ತಿಂಗಳಲ್ಲಿ ಒಪ್ಪಿಸಿಕೊಂಡಿದ್ದೀರಿ.

ಟೈಲರ್ ಮನೆಗೆ ಹೋದರು. ಗಾಲಿಕುರ್ಚಿ ಬೇಡವೆಂದು ಹೆಂಡತಿಯ ಭುಜ ಹಿಡಿದು ನಡೆದೇ ಹೋದರು. ಹೋಗುವ ಮೊದಲು ಹಿರಿಯ ಡಾಕ್ಟರ ಕೋಟಿನ ತೋಳು ಹಿಡಿದು, "ಇದು ಅರ್ಧ ಇಂಚು ಉದ್ದ ಇದೆ, ಕಳಿಸಿಕೊಡಿ," ಎಂದರು. ಡಾಕ್ಟರು ಅಲ್ಲೇ ಬಿಚ್ಚಿ ಕೊಟ್ಟರು.

ಇವತ್ತು ಹನ್ನೆರಡು ಹಾಸಿಗೆಯಲ್ಲಿ ನಾಲ್ಕಕ್ಕೆ ದೊಡ್ಡದು. ನಾಲ್ಕಕ್ಕೂ ಬೇಕಾದದ್ದೇ. ಕೆಲವು ಸಲ ನಾನು ನಿಲ್ಲಿಸಿ ಎಂದರೆ ಹಿರಿಯ ಡಾಕ್ಟರು ಬೇಡ ಎನ್ನುತ್ತಾರೆ, ಎರಡು ಸಲ ಅವರ ಮಾತೇ ಸರಿಯಾಗಿತ್ತು. ಅದನ್ನೂ ಬರೆದಿಟ್ಟುಕೊಂಡಿದ್ದೇನೆ.

ಚೂಟಿ

ಜುಲೈ ೧೨

ಚೂಟಿ,

ಬೀದಿಯಲ್ಲಿ ನನ್ನ ಮೇಲೆ ಮುನಿಸು ನಡೆಯುತ್ತಿದೆ. ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು ಮೂಗು ಸೋರಿಸಿಕೊಂಡು ಬಂದರು. ಡಬ್ಬಿ ಇಲ್ಲ ಎಂದೆ. "ಇಲ್ಲ ಅಂದ್ರೆ? ನಾಳೆ ಚಿತ್ರ ಪ್ರದರ್ಶನ ಇದೆ, ನಾನೇನು ಮಾಡ್ಲಿ?" ಎಂದರು. ಗಂಟಲು ನೋಡಿದೆ, ಜ್ವರ ನೋಡಿದೆ, ಎದೆಗೆ ಕೈ ಇಟ್ಟು ಉಸಿರು ನೋಡಿದೆ. "ನೀರು ಕುಡೀರಿ, ಮಲಗಿ. ಉಸಿರು ಕಟ್ಟಿದ್ರೆ, ಜ್ವರ ಏರಿದ್ರೆ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಮಾತ್ರೆ ಮಾತ್ರ ಕೊಡಲ್ಲ," ಎಂದೆ. ಬಾಗಿಲು ದಡ್ ಎಂದು ಹಾಕಿಕೊಂಡು ಹೋದರು. ನನಗೇ ಕೇಳಿಸಿತು ಎಂದರೆ ನೋಡು, ಎಷ್ಟು ಜೋರಾಗಿ ಹಾಕಿರಬೇಕು.

ದಿನಾ ಹೋಗಿ ನೋಡಿ ಬಂದೆ. ಐದನೇ ದಿನ ತಾವಾಗಿ ಗುಣವಾದರು. ಈಗ ಸಂಜೆ ಬಂದು ಕೂತು ಇಸ್ಪೀಟು ಆಡುತ್ತಾರೆ, ಮೋಸ ಮಾಡುತ್ತಾರೆ. ಸೈಕಲ್ ಅಂಗಡಿಯವರ ಹೆಂಡತಿಯೂ ಬರುತ್ತಾರೆ. ಯಾರಿಗೂ ಕೊಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆದರೂ ಬರುತ್ತಾರೆ ಕಣೇ.

ಅತ್ತೆ

ಸೆಪ್ಟೆಂಬರ್ ೧೭

ಪ್ರೀತಿಯ ಅತ್ತೆಗೆ,

ನಿಮ್ಮ ಪತ್ರ ಬಂದು ಎರಡು ತಿಂಗಳಾದರೂ ಬರೆಯಲಿಲ್ಲ, ಕ್ಷಮಿಸಿ. ಇವತ್ತು ಬರೆಯಲೇಬೇಕು.

ಹತ್ತು ದಿನದ ಹಿಂದೆ, ಬೆಳಗಿನ ಸುತ್ತು ಅರ್ಧ ಆಗಿತ್ತು, ಒಬ್ಬ ಬಾಣಂತಿಯನ್ನು ಕರೆತಂದರು. ಹೆರಿಗೆಯಾಗಿ ನಾಲ್ಕು ದಿನ. ಮೈ ಕಾದ ಹೆಂಚು, ರಕ್ತದೊತ್ತಡ ಪಾತಾಳಕ್ಕೆ ಇಳಿದಿತ್ತು, ಮಾತಾಡಿಸಿದರೆ ಕಣ್ಣು ಬಿಡುತ್ತಿರಲಿಲ್ಲ. ಹಿರಿಯ ಡಾಕ್ಟರು ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ದೊಡ್ಡದು, ಈಗಲೇ," ಎಂದೆ. ಲಿಫ್ಟ್ ಕಾಯಲಿಲ್ಲ. ಮೂರು ಮಹಡಿ ಇಳಿದು ಬಾಟಲಿ ತೆಗೆದುಕೊಂಡು ಮೂರು ಮಹಡಿ ಹತ್ತಿದೆ. ನರ್ಸು ರಕ್ತ ತೆಗೆದು ಮುಗಿಸುವಷ್ಟರಲ್ಲಿ ಹನಿ ಶುರುವಾಯಿತು. ಬಂದು ಇಪ್ಪತ್ತೆರಡು ನಿಮಿಷ.

ಅವತ್ತು ಮಧ್ಯಾಹ್ನ ಎಲ್ಲ ನಾನು ಆ ಹಾಸಿಗೆಯ ಸುತ್ತಲೇ ಇದ್ದೆ. ಹೋದ ಚಳಿಗಾಲದ ಆ ರಿಪೋರ್ಟುಗಳು ಕಣ್ಣ ಮುಂದೆ ಬರುತ್ತಿದ್ದವು. ಮೂರನೇ ದಿನ ಲ್ಯಾಬಿನವರು ಕಾಗದ ತಂದರು. ಹಿರಿಯ ಡಾಕ್ಟರು ಓದಿ, ಕನ್ನಡಕ ಕೆಳಗಿಳಿಸಿ, ನನ್ನ ಕೈಗೆ ಕೊಟ್ಟರು. ಸಾಲು ಸಾಲಿನಲ್ಲೂ "ಬಗ್ಗುತ್ತದೆ", "ಬಗ್ಗುತ್ತದೆ". ದೊಡ್ಡದಕ್ಕೂ, ಚಿಕ್ಕದಕ್ಕೂ.

"ಮಾತು ಕೇಳೋ ಜೀವಿ," ಎಂದರು. ಅಷ್ಟೇ. ಆಮೇಲೆ ಪೆನ್ನು ತೆಗೆದು ಅವರೇ ದೊಡ್ಡದನ್ನು ಹೊಡೆದುಹಾಕಿ ಚಿಕ್ಕದನ್ನು ಬರೆದರು. ಹಾಸಿಗೆಯ ಮೇಲೆ ಆಕೆ ಅದೇ ಹೊತ್ತಿಗೆ, "ಮಗು ಹಾಲು ಕುಡೀತಾ?" ಎಂದು ಯಾರನ್ನೋ ಕೇಳುತ್ತಿದ್ದಳು.

ಅತ್ತೆ, ಆರು ತಿಂಗಳು ನಾನು ಬೇಡ, ಸಾಕು, ನಿಲ್ಲಿಸಿ ಎಂದೇ ಹೇಳಿಕೊಂಡು ಬಂದಿದ್ದೆ. ಅದೆಲ್ಲ ಯಾವ ದಿನಕ್ಕಾಗಿ ಎಂದು ಆ ಕಾಗದ ನೋಡಿದಾಗ ನನಗೆ ತಿಳಿಯಿತು. ಬೇಕಾದ ದಿನ ಮದ್ದು ಕೈ ಕೊಡಲಿಲ್ಲ.

ಇವತ್ತು ಬೆಳಗ್ಗೆ ಆಕೆ ಮನೆಗೆ ಹೊರಟಳು. ನಾನು ಮಾತ್ರೆಯ ಚೀಟಿ ವಿವರಿಸಲು ಕೆಳಗಿನ ಬಾಗಿಲ ತನಕ ಹೋದೆ. ಎಷ್ಟು ದಿನ, ದಿನಕ್ಕೆ ಎಷ್ಟು, ಒಂದೂ ಮಿಗಿಸಬಾರದು, ಎಲ್ಲ ಎರಡು ಸಲ ಹೇಳಿದೆ. ಆಕೆಯ ಅತ್ತೆ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಹೊರಗಿನ ಬಿಸಿಲು ಮುಖಕ್ಕೆ ಬಿದ್ದು ಮಗು ಸೀನಿತು, ಮೈಯೆಲ್ಲ ಕುಲುಕುವ ಹಾಗೆ. ಅವರು ಗಾಬರಿಯಿಂದ ನನ್ನ ಕಡೆ ತಿರುಗಿದರು.

"ಇದಕ್ಕೇನಾದ್ರೂ ಮದ್ದು ಬೇಕಾಮ್ಮ?"

"ಏನೂ ಬೇಡ," ಎಂದೆ. ಮಗು ಇನ್ನೊಂದು ಸಲ ಸೀನಿತು. ಮೂವರೂ ಕಾರು ಹತ್ತಿದರು.

ನಿಮ್ಮ
ಚೂಟಿ